ಹೃದಯಾಘಾತ: ಆಂಜಿಯೋಪ್ಲಾಸ್ಟಿ ಯಾವಾಗ ಬೇಕು, ಯಾವಾಗ ಕಾಯಬಹುದು?

(ಸಂಘದ ವಾರ್ಷಿಕ ಸಮಾವೇಶದಲ್ಲಿ ಸದಸ್ಯರಿಗೂ ವಿದ್ಯಾರ್ಥಿಗಳಿಗೂ ನೀಡಿದ ಉಪನ್ಯಾಸದ ಬರಹ ರೂಪ)



ಸಂಘದ ಕಾರ್ಯದರ್ಶಿಗಳು ನನ್ನನ್ನು ಕರೆದಾಗ "ಆರೋಗ್ಯದ ಬಗ್ಗೆ ಏನಾದರೂ ನಾಲ್ಕು ಮಾತು ಹೇಳಿ" ಎಂದರು. ಏನಾದರೂ ಹೇಳುವುದಕ್ಕಿಂತ, ಚಾಮರಾಜನಗರ ಮತ್ತು ಗುಂಡ್ಲುಪೇಟೆಯ ಜನ ನನ್ನನ್ನು ಪದೇ ಪದೇ ಕೇಳುವ ಒಂದೇ ಪ್ರಶ್ನೆಗೆ ಉತ್ತರ ಕೊಡುವುದು ಮೇಲು ಎನಿಸಿತು. ಆ ಪ್ರಶ್ನೆ ಇದು: "ಡಾಕ್ಟ್ರೇ, ಹಾರ್ಟ್ ಅಟ್ಯಾಕ್ ಆದರೆ ಇಲ್ಲೇ ತೋರಿಸಬೇಕೋ, ನೇರವಾಗಿ ಮೈಸೂರಿಗೆ ಹೋಗಿ ಸ್ಟೆಂಟ್ ಹಾಕಿಸಬೇಕೋ?" ನಾನು ಹೃದ್ರೋಗ ತಜ್ಞನಲ್ಲ, ಸಾಮಾನ್ಯ ವೈದ್ಯ. ಆದರೆ ಎದೆನೋವಿನ ರೋಗಿಯನ್ನು ಮೊದಲು ನೋಡುವವನು ಸಾಮಾನ್ಯ ವೈದ್ಯನೇ. ಅವನಿಗಿಂತ ಮೊದಲು ನೋಡುವವರು ಮನೆಯವರು. ಆದ್ದರಿಂದ ಇಂದಿನ ಮಾತು ಮುಖ್ಯವಾಗಿ ಮನೆಯವರಿಗಾಗಿ.

ನನ್ನದೇ ಒಂದು ತಪ್ಪು

ಮೊದಲಿಗೆ ನನ್ನದೇ ಒಂದು ತಪ್ಪನ್ನು ತಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ. 2011ರ ಒಂದು ರಾತ್ರಿ ಒಂಬತ್ತೂವರೆಗೆ ಗುಂಡ್ಲುಪೇಟೆಯಿಂದ ನನ್ನ ದೊಡ್ಡಪ್ಪನ ಮಗನ ಮನೆಯವರು ಫೋನ್ ಮಾಡಿದರು. ಅಣ್ಣನಿಗೆ ಆಗ ಐವತ್ತೆರಡು ವರ್ಷ. ಅರ್ಧ ಗಂಟೆಯಿಂದ ಎದೆಯ ಮಧ್ಯೆ ಕಲ್ಲು ಹೇರಿದಂತಾಗಿದೆ, ಮೈಯೆಲ್ಲ ಬೆವರು, ಎಡಗೈ ಸೆಳೆತ ಎಂದರು. ನಾನು ಆಗ ಬೇರೆ ಊರಿನಲ್ಲಿದ್ದೆ. ಲಕ್ಷಣ ಕೇಳಿದ ಕೂಡಲೇ ಹೃದಯಾಘಾತವೆಂದು ಗೊತ್ತಾಯಿತು. "ಎಲ್ಲೂ ನಿಲ್ಲಿಸಬೇಡಿ, ನೇರವಾಗಿ ಮೈಸೂರಿಗೆ ಹೊರಡಿ, ಆಂಜಿಯೋಪ್ಲಾಸ್ಟಿಯೇ ಒಳ್ಳೆಯ ಚಿಕಿತ್ಸೆ" ಎಂದು ಧೈರ್ಯವಾಗಿ ಹೇಳಿಬಿಟ್ಟೆ. ಅರವತ್ತು ಕಿಲೋಮೀಟರು ಅಲ್ಲವೇ, ಒಂದು ಗಂಟೆಯ ದಾರಿ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದೆ.

ನನ್ನ ಲೆಕ್ಕದಲ್ಲಿ ಇಲ್ಲದಿದ್ದವು ಬಹಳ. ಕಾರು ಸಿಕ್ಕಿದ್ದು ಹತ್ತೂಕಾಲಿಗೆ. ಮೈಸೂರು ಮುಟ್ಟಿದ್ದು ಹನ್ನೊಂದೂವರೆಗೆ. ಮೊದಲು ಹೋದ ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆದು, ಇಲ್ಲಿ ಕ್ಯಾಥ್ ಲ್ಯಾಬ್ ಇಲ್ಲ ಎಂದು ಇನ್ನೊಂದಕ್ಕೆ ಕಳಿಸಿದರು. ಅಲ್ಲಿ ಮುಂಗಡ ಹಣ ಹೊಂದಿಸುವುದು, ಒಪ್ಪಿಗೆಯ ಸಹಿ, ಮನೆಯಿಂದ ತಜ್ಞರು ಬರುವುದು, ಎಲ್ಲ ಸೇರಿ ರಕ್ತನಾಳ ತೆರೆದಾಗ ಬೆಳಗಿನ ಜಾವ ಮೂರು ಗಂಟೆ. ನೋವು ಶುರುವಾಗಿ ಆರು ಗಂಟೆ ಕಳೆದಿತ್ತು. ಅವರು ಹಾದು ಹೋದ ದಾರಿಯ ಪಕ್ಕದಲ್ಲೇ, ಮನೆಯಿಂದ ಹತ್ತು ನಿಮಿಷದ ದೂರದಲ್ಲಿ ಒಂದು ಆಸ್ಪತ್ರೆ ಇತ್ತು. ಅಲ್ಲಿ ಇ.ಸಿ.ಜಿ. ಯಂತ್ರವೂ ರಕ್ತದ ಹೆಪ್ಪು ಕರಗಿಸುವ ಔಷಧವೂ ಇದ್ದವು. ಅದು ನನಗೆ ತಿಳಿದಿತ್ತು. ಆದರೂ ಅಲ್ಲಿಗೆ ಹೋಗಿ ಎಂದು ನಾನು ಹೇಳಲಿಲ್ಲ.

ಅಣ್ಣ ಬದುಕಿದ. ಆದರೆ ಹೃದಯದ ಸ್ನಾಯುವಿನ ದೊಡ್ಡ ಭಾಗ ಸತ್ತುಹೋಗಿತ್ತು. ಬಾಳೆ, ಅರಿಶಿನದ ತೋಟದಲ್ಲಿ ದಿನವಿಡೀ ದುಡಿಯುತ್ತಿದ್ದ ಆಳು ಆಮೇಲೆ ಒಂದು ಮಹಡಿ ಹತ್ತಲು ಮೂರು ಸಲ ನಿಲ್ಲಬೇಕಾಯಿತು. ಸ್ಟೆಂಟ್ ಹಾಕಿದ್ದು ತಪ್ಪಲ್ಲ. ಅದಕ್ಕಾಗಿ ಆರು ಗಂಟೆ ಕಾದದ್ದು ತಪ್ಪು. ಒಳ್ಳೆಯ ಚಿಕಿತ್ಸೆ ಯಾವುದು ಎಂದು ಕೇಳಿಕೊಂಡೆನೇ ಹೊರತು, ಆ ಚಿಕಿತ್ಸೆ ಎಷ್ಟು ಹೊತ್ತಿಗೆ ಸಿಕ್ಕುತ್ತದೆ ಎಂದು ಕೇಳಿಕೊಳ್ಳಲಿಲ್ಲ. ಈ ಎರಡನೆಯ ಪ್ರಶ್ನೆಯನ್ನು ತಮಗೆ ಕಲಿಸುವುದೇ ಇಂದಿನ ಉದ್ದೇಶ.

ಹೃದಯಾಘಾತ ಎಂದರೇನು?

ಹೃದಯ ಮೈಗೆಲ್ಲ ರಕ್ತ ಹಂಚುವ ಅಂಗ. ಆದರೆ ಅದಕ್ಕೂ ರಕ್ತ ಬೇಕು. ಆ ರಕ್ತ ಮೂರು ಮುಖ್ಯ ನಾಳಗಳ ಮೂಲಕ ಬರುತ್ತದೆ. ಬೀಡಿ ಸಿಗರೇಟು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೊಬ್ಬು ಇವುಗಳಿಂದ ಈ ನಾಳಗಳ ಒಳಗೋಡೆಯಲ್ಲಿ ವರ್ಷಗಟ್ಟಲೆ ಗಸಿ ಕಟ್ಟುತ್ತದೆ. ಒಂದು ದಿನ ಆ ಗಸಿಯ ಮೇಲ್ಪದರ ಬಿರಿಯುತ್ತದೆ. ಗಾಯವಾಯಿತೆಂದು ತಿಳಿದ ರಕ್ತ ಅಲ್ಲಿ ಹೆಪ್ಪುಗಟ್ಟುತ್ತದೆ. ನಾಳ ಮುಚ್ಚಿಹೋಗುತ್ತದೆ. ಕಾಲುವೆಗೆ ಮಣ್ಣು ಬಿದ್ದರೆ ಕೊನೆಯ ಗದ್ದೆ ಒಣಗುವ ಹಾಗೆ, ಆ ನಾಳವನ್ನು ನಂಬಿದ ಹೃದಯದ ಸ್ನಾಯು ನಿಮಿಷ ನಿಮಿಷಕ್ಕೂ ಸಾಯತೊಡಗುತ್ತದೆ.

ಈ ಹೆಪ್ಪೇ ಮುಖ್ಯ ಅಪರಾಧಿ ಎಂಬುದು ಖಚಿತವಾದದ್ದು ಬಹಳ ಹಿಂದೇನಲ್ಲ. 1980ರಲ್ಲಿ ಅಮೆರಿಕದ ಮಾರ್ಕಸ್ ಡಿವುಡ್ ಮತ್ತು ಸಂಗಡಿಗರು ಹೃದಯಾಘಾತವಾದ ಮೊದಲ ಗಂಟೆಗಳಲ್ಲೇ ರೋಗಿಗಳ ಹೃದಯದ ನಾಳಗಳ ಚಿತ್ರ ತೆಗೆದರು. ನಾಲ್ಕು ಗಂಟೆಯೊಳಗೆ ಬಂದವರಲ್ಲಿ 100ಕ್ಕೆ 87 ಮಂದಿಯ ನಾಳ ಪೂರ್ತಿ ಮುಚ್ಚಿತ್ತು. ಹಾಗಾದರೆ ಮುಚ್ಚಿದ್ದನ್ನು ತೆರೆದರೆ ಜೀವ ಉಳಿಯಬೇಕಲ್ಲವೇ ಎಂಬ ಆಲೋಚನೆ ಅಲ್ಲಿಂದ ಬಲವಾಯಿತು.

ಒಂದು ಬೀಗಕ್ಕೆ ಎರಡು ಕೀಲಿಕೈ

ಮುಚ್ಚಿದ ನಾಳವನ್ನು ತೆರೆಯಲು ಇಂದು ಎರಡು ಕೀಲಿಕೈಗಳಿವೆ.

ಮೊದಲನೆಯದು ಔಷಧ. ಹೆಪ್ಪು ಕರಗಿಸುವ ಇಂಜೆಕ್ಷನ್. ಹಳೆಯದು ಸ್ಟ್ರೆಪ್ಟೋಕೈನೇಸ್, ಅದನ್ನು ಡ್ರಿಪ್ ಮೂಲಕ ಸುಮಾರು ಒಂದು ಗಂಟೆ ಕೊಡಬೇಕು. ಹೊಸದು ಟೆನೆಕ್ಟೆಪ್ಲೇಸ್, ರೋಗಿಯ ತೂಕ ನೋಡಿ ಒಂದೇ ಸಲ ರಕ್ತನಾಳಕ್ಕೆ ಕೊಟ್ಟು ಮುಗಿಸಬಹುದು. 1988ರಲ್ಲಿ ಪ್ರಕಟವಾದ ಐಸಿಸ್-2 ಎಂಬ ಅಧ್ಯಯನದಲ್ಲಿ 17,187 ರೋಗಿಗಳನ್ನು ಪರೀಕ್ಷಿಸಲಾಯಿತು. ಬರೀ ಆಸ್ಪಿರಿನ್ ಮಾತ್ರೆಯೇ ಸಾವನ್ನು ನಾಲ್ಕನೇ ಒಂದು ಭಾಗದಷ್ಟು ಇಳಿಸಿತು. ಸ್ಟ್ರೆಪ್ಟೋಕೈನೇಸ್ ಕೂಡ ಹೆಚ್ಚುಕಡಿಮೆ ಅಷ್ಟೇ ಇಳಿಸಿತು. ಎರಡೂ ಸೇರಿದಾಗ ಸಾವು 100ಕ್ಕೆ 42ರಷ್ಟು ಕಡಿಮೆಯಾಯಿತು. ಬಿಡಿಗಾಸಿನ ಆಸ್ಪಿರಿನ್ ಮಾತ್ರೆಯ ಈ ಶಕ್ತಿಯನ್ನು ವಿದ್ಯಾರ್ಥಿಗಳು ನೆನಪಿಡಬೇಕು.

ಎರಡನೆಯದು ಆಂಜಿಯೋಪ್ಲಾಸ್ಟಿ. 1977ರ ಸೆಪ್ಟೆಂಬರ್ 16ರಂದು ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಎಂಬ ವೈದ್ಯ ಮೊದಲ ಬಾರಿಗೆ ತೆಳುವಾದ ನಳಿಕೆಯ ತುದಿಗೆ ಸಣ್ಣ ಬಲೂನು ಕಟ್ಟಿ, ಎಚ್ಚರವಾಗಿದ್ದ ರೋಗಿಯ ಹೃದಯದ ನಾಳದೊಳಗೆ ಅದನ್ನು ಉಬ್ಬಿಸಿ ದಾರಿ ಬಿಡಿಸಿದರು. 1986ರಿಂದ ಆ ದಾರಿ ಮತ್ತೆ ಮುಚ್ಚದಂತೆ ಲೋಹದ ಜಾಲರಿಯ ಕೊಳವೆ, ಅಂದರೆ ಸ್ಟೆಂಟ್, ಇಡುವುದು ಆರಂಭವಾಯಿತು. ಹೃದಯಾಘಾತ ಆಗುತ್ತಿರುವಾಗಲೇ, ಇಂಜೆಕ್ಷನ್ ಕೊಡದೆ ನೇರವಾಗಿ ಹೀಗೆ ನಾಳ ತೆರೆಯುವುದಕ್ಕೆ ಪ್ರೈಮರಿ ಆಂಜಿಯೋಪ್ಲಾಸ್ಟಿ ಎನ್ನುತ್ತಾರೆ.

ಎರಡರಲ್ಲಿ ಯಾವುದು ಮೇಲು? 2003ರಲ್ಲಿ 23 ಅಧ್ಯಯನಗಳ 7,739 ರೋಗಿಗಳ ವಿವರವನ್ನು ಒಟ್ಟುಗೂಡಿಸಿ ನೋಡಲಾಯಿತು. ಇಂಜೆಕ್ಷನ್ ಪಡೆದವರಲ್ಲಿ 100ಕ್ಕೆ 9 ಮಂದಿ ತೀರಿಕೊಂಡರೆ, ಪ್ರೈಮರಿ ಆಂಜಿಯೋಪ್ಲಾಸ್ಟಿ ಆದವರಲ್ಲಿ 100ಕ್ಕೆ 7 ಮಂದಿ. ಮೆದುಳಿನಲ್ಲಿ ರಕ್ತಸ್ರಾವವಾಗುವ ಅಪಾಯವೂ ಆಂಜಿಯೋಪ್ಲಾಸ್ಟಿಯಲ್ಲಿ ಕಡಿಮೆ. ಹಾಗಾಗಿ ಎರಡೂ ಒಂದೇ ಹೊತ್ತಿಗೆ, ಒಂದೇ ಬಾಗಿಲಲ್ಲಿ ಸಿಗುವುದಾದರೆ ಆಂಜಿಯೋಪ್ಲಾಸ್ಟಿಯೇ ಉತ್ತಮ. ಇದರಲ್ಲಿ ಅನುಮಾನವಿಲ್ಲ. ಆದರೆ ನಮ್ಮ ಜಿಲ್ಲೆಯಲ್ಲಿ ಎರಡೂ ಒಂದೇ ಹೊತ್ತಿಗೆ ಸಿಗುತ್ತವೆಯೇ? ನಮ್ಮ ಕಷ್ಟ ಇರುವುದು ಇಲ್ಲಿಯೇ.

ಎರಡು ಗಂಟೆಯ ನಿಯಮ

ಜಗತ್ತಿನ ಹೃದ್ರೋಗ ತಜ್ಞರ ಸಂಘಗಳು ಒಪ್ಪಿಕೊಂಡಿರುವ ನಿಯಮ ಸರಳವಾಗಿದೆ. ರೋಗಿಯ ಇ.ಸಿ.ಜಿ.ಯಲ್ಲಿ ಎಸ್.ಟಿ. ಎಂಬ ಗೆರೆ ಮೇಲೆದ್ದಿದ್ದರೆ ಒಂದು ದೊಡ್ಡ ನಾಳ ಪೂರ್ತಿ ಮುಚ್ಚಿದೆ ಎಂದು ಅರ್ಥ. ವೈದ್ಯರು ಇದನ್ನು ಸ್ಟೆಮಿ ಎನ್ನುತ್ತಾರೆ. ನೋವು ಆರಂಭವಾಗಿ 12 ಗಂಟೆ ಮೀರದಿದ್ದರೆ, ರೋಗ ಗುರುತಿಸಿದ ಹೊತ್ತಿನಿಂದ 120 ನಿಮಿಷದೊಳಗೆ ನಾಳ ತೆರೆಯಲು ಆಗುವಂತಿದ್ದರೆ ಪ್ರೈಮರಿ ಆಂಜಿಯೋಪ್ಲಾಸ್ಟಿ ಮಾಡಬೇಕು. ಆಗುವುದಿಲ್ಲ ಎಂದಾದರೆ, ಔಷಧಕ್ಕೆ ಅಡ್ಡಿಯಿಲ್ಲದವರಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ತಡಮಾಡದೆ, ಅರ್ಧ ಗಂಟೆಯೊಳಗೇ ಕೊಟ್ಟು, ಆಮೇಲೆ ಕ್ಯಾಥ್ ಲ್ಯಾಬ್ ಇರುವ ಆಸ್ಪತ್ರೆಗೆ ಕಳಿಸಬೇಕು.

ಗಮನಿಸಿ, 120 ನಿಮಿಷ ಎಂದರೆ ಮೈಸೂರಿನ ಗೇಟು ಮುಟ್ಟುವ ಹೊತ್ತಲ್ಲ. ತಂತಿ ಹೃದಯದ ನಾಳದೊಳಗೆ ಹೋಗಿ ರಕ್ತ ಹರಿಯುವ ಹೊತ್ತು. ಗುಂಡ್ಲುಪೇಟೆಯಿಂದಾಗಲಿ ಚಾಮರಾಜನಗರದಿಂದಾಗಲಿ ಮೈಸೂರಿಗೆ ಸುಮಾರು 60 ಕಿಲೋಮೀಟರು. ವಾಹನ ಹೊಂದಿಸುವುದಕ್ಕೆ ಅರ್ಧ ಗಂಟೆ, ದಾರಿಗೆ ಒಂದೂಕಾಲು ಗಂಟೆ, ಅಲ್ಲಿ ಇಳಿದು ಲ್ಯಾಬಿನ ಮೇಜಿನ ಮೇಲೆ ಮಲಗುವುದಕ್ಕೆ ಇನ್ನೊಂದು ಗಂಟೆ ಎಂದಿಟ್ಟುಕೊಂಡರೂ 120 ನಿಮಿಷ ದಾಟಿಹೋಗುತ್ತದೆ. ತೆರಕಣಾಂಬಿ, ಹಂಗಳ, ಬೇಗೂರಿನ ಸುತ್ತಲ ಹಳ್ಳಿಗಳಿಂದ ಹೊರಟರೆ ಮೊದಲು ಮುಖ್ಯರಸ್ತೆಗೆ ಬರುವ ಹೊತ್ತನ್ನೂ ಸೇರಿಸಬೇಕು. ಮಲೆ ಮಹದೇಶ್ವರ ಬೆಟ್ಟದ ಕಡೆಯವರಿಗೆ ಮೈಸೂರು ನೂರು ಕಿಲೋಮೀಟರಿಗೂ ಮಿಕ್ಕ ದಾರಿ.

ಅಂದರೆ ನಮ್ಮ ಜಿಲ್ಲೆಯ ಬಹುಪಾಲು ಸ್ಟೆಮಿ ರೋಗಿಗಳಿಗೆ ಮೊದಲ ಚಿಕಿತ್ಸೆ ಹತ್ತಿರದ ಆಸ್ಪತ್ರೆಯಲ್ಲೇ, ಇಂಜೆಕ್ಷನ್ ರೂಪದಲ್ಲೇ ಆಗಬೇಕು. ಮೈಸೂರು ಎರಡನೆಯ ಮೆಟ್ಟಿಲು. ಇದನ್ನು ಹೇಳಿದರೆ ಕೆಲವರು "ಬಡವರಿಗೆ ಇಂಜೆಕ್ಷನ್, ಶ್ರೀಮಂತರಿಗೆ ಸ್ಟೆಂಟ್ ಎನ್ನುತ್ತೀರಾ?" ಎಂದು ಬೇಸರಪಡುತ್ತಾರೆ. ಹಾಗಲ್ಲ. ಇದು ದೂರದ ಲೆಕ್ಕ, ದುಡ್ಡಿನ ಲೆಕ್ಕವಲ್ಲ. ಸ್ವಂತ ಕಾರಿರುವ ಶ್ರೀಮಂತನಿಗೂ ಇದೇ ನಿಯಮ.

ಇಂಜೆಕ್ಷನ್ ಕೊಟ್ಟು ಕಳಿಸುವುದು ಕೀಳು ಚಿಕಿತ್ಸೆಯೇ?

ಅಲ್ಲ. ಇದಕ್ಕೆ ಎರಡು ಸಾಕ್ಷಿ ಕೊಡುತ್ತೇನೆ. 2013ರಲ್ಲಿ ಸ್ಟ್ರೀಮ್ ಎಂಬ ಅಧ್ಯಯನದ ಫಲಿತಾಂಶ ಬಂತು. ನೋವು ಆರಂಭವಾದ ಮೂರು ಗಂಟೆಯೊಳಗೆ ಬಂದ, ಆದರೆ ಒಂದು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ ಸಾಧ್ಯವಾಗದ 1,892 ರೋಗಿಗಳು ಅದರಲ್ಲಿದ್ದರು. ಅರ್ಧ ಜನರಿಗೆ ಟೆನೆಕ್ಟೆಪ್ಲೇಸ್ ಕೊಟ್ಟು 6ರಿಂದ 24 ಗಂಟೆಯೊಳಗೆ ಆಂಜಿಯೋಗ್ರಾಂ ಮಾಡಿದರು. ಇನ್ನರ್ಧ ಜನರಿಗೆ ನೇರವಾಗಿ ಆಂಜಿಯೋಪ್ಲಾಸ್ಟಿ. ಮೂವತ್ತು ದಿನದೊಳಗೆ ಸಾವು, ಆಘಾತಸ್ಥಿತಿ, ಹೃದಯ ವೈಫಲ್ಯ, ಮರು ಹೃದಯಾಘಾತ ಇವುಗಳಲ್ಲಿ ಒಂದಾದರೂ ಸಂಭವಿಸಿದ್ದು ಮೊದಲ ಗುಂಪಿನಲ್ಲಿ 100ಕ್ಕೆ 12.4, ಎರಡನೆಯದರಲ್ಲಿ 14.3. ಅಂದರೆ ಎರಡೂ ಸಮ. ಮೆದುಳಿನ ರಕ್ತಸ್ರಾವ ಮಾತ್ರ ಇಂಜೆಕ್ಷನ್ ಗುಂಪಿನಲ್ಲಿ ಸ್ವಲ್ಪ ಹೆಚ್ಚಿತ್ತು. ಅದಕ್ಕಾಗಿ 75 ವರ್ಷ ದಾಟಿದವರಿಗೆ ಅರ್ಧ ಪ್ರಮಾಣ ಸಾಕೆಂದು ಅಧ್ಯಯನದ ನಡುವೆಯೇ ತಿದ್ದಿಕೊಂಡರು. ಇನ್ನೊಂದು ಮಾತು: ಇಂಜೆಕ್ಷನ್ ಪಡೆದವರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಂದಿಗೆ ನಾಳ ಸರಿಯಾಗಿ ತೆರೆಯದೆ ತುರ್ತಾಗಿ ಆಂಜಿಯೋಗ್ರಾಂ ಬೇಕಾಯಿತು. ಆದ್ದರಿಂದ ಇಂಜೆಕ್ಷನ್ ಆಯಿತು, ನೋವು ಇಳಿಯಿತು, ಮನೆಗೆ ಹೋಗೋಣ ಎನ್ನುವಂತಿಲ್ಲ.

ಎರಡನೆಯ ಸಾಕ್ಷಿ ನಮ್ಮ ನೆರೆಯ ತಮಿಳುನಾಡಿನದು. ಅಲ್ಲಿ ಸಣ್ಣ ಆಸ್ಪತ್ರೆಗಳನ್ನು ಕ್ಯಾಥ್ ಲ್ಯಾಬ್ ಇರುವ ದೊಡ್ಡ ಆಸ್ಪತ್ರೆಗಳ ಜೊತೆ ಆಂಬುಲೆನ್ಸ್ ಮೂಲಕ ಜೋಡಿಸಿ, ಮೊದಲು ಹತ್ತಿರದಲ್ಲಿ ಔಷಧ, ಆಮೇಲೆ ಆಂಜಿಯೋಗ್ರಾಂ ಎಂಬ ಕ್ರಮವನ್ನು ಜಾರಿಗೆ ತಂದರು. 2017ರಲ್ಲಿ ಪ್ರಕಟವಾದ ಅದರ ವರದಿಯ ಪ್ರಕಾರ ಒಂದು ವರ್ಷದೊಳಗಿನ ಸಾವು 100ಕ್ಕೆ 17.6ರಿಂದ 14.2ಕ್ಕೆ ಇಳಿಯಿತು. ಹೊಸ ಔಷಧವನ್ನೇನೂ ಅವರು ಕಂಡುಹಿಡಿಯಲಿಲ್ಲ. ಇದ್ದದ್ದನ್ನು ಹೊತ್ತಿಗೆ ಸರಿಯಾಗಿ ತಲುಪಿಸಿದರು, ಅಷ್ಟೇ.

ಕರ್ನಾಟಕದಲ್ಲಿಯೂ ಈ ದಾರಿ ತೆರೆದಿದೆ. ಗಾಜನೂರಿನ ಮನೆತನದ ಕುಡಿಯೆಂದು ನಮ್ಮ ಜಿಲ್ಲೆಯ ಜನ ಹೆಮ್ಮೆಪಡುತ್ತಿದ್ದ ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು, ಕೇವಲ 46ನೇ ವಯಸ್ಸಿನಲ್ಲಿ ಹೃದಯಾಘಾತಕ್ಕೆ ಬಲಿಯಾದದ್ದು ತಮಗೆಲ್ಲ ನೆನಪಿದೆ. ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ 2023ರಲ್ಲಿ ಹೃದಯ ಜ್ಯೋತಿ ಯೋಜನೆ ಆರಂಭಿಸಿತು. ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ತೆಗೆದ ಇ.ಸಿ.ಜಿ.ಯನ್ನು ಕೂಡಲೇ ದೂರದ ತಜ್ಞರಿಗೆ ಕಳಿಸಿ ಓದಿಸುವುದು, ಸ್ಟೆಮಿ ಎಂದಾದರೆ ಸಾವಿರಾರು ರೂಪಾಯಿ ಬೆಲೆಯ ಟೆನೆಕ್ಟೆಪ್ಲೇಸ್ ಅನ್ನು ಉಚಿತವಾಗಿ ಕೊಡುವುದು, ಆಮೇಲೆ ಜಯದೇವದಂಥ ದೊಡ್ಡ ಆಸ್ಪತ್ರೆಗೆ ಕಳಿಸುವುದು ಇದರ ಕ್ರಮ. ಯೋಜನೆ ಹಂತ ಹಂತವಾಗಿ ವಿಸ್ತರಿಸುತ್ತಿದೆ. ತಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಹೊತ್ತೂ ಈ ಸೌಲಭ್ಯ ಇದೆಯೇ ಎಂದು ಆರೋಗ್ಯವಾಗಿರುವಾಗಲೇ ವಿಚಾರಿಸಿಟ್ಟುಕೊಳ್ಳಿ. ನೋವು ಬಂದ ಮೇಲೆ ವಿಚಾರಿಸುತ್ತಾ ಕೂರಲಾಗದು.

ಯಾರಿಗೆ ನೇರ ಆಂಜಿಯೋಪ್ಲಾಸ್ಟಿಯೇ ಬೇಕು?

ಕೆಲವರಿಗೆ ದೂರವಿದ್ದರೂ ಕ್ಯಾಥ್ ಲ್ಯಾಬೇ ಗತಿ. ಅವರು ಯಾರೆಂದು ಎಣಿಸಿ ಹೇಳುತ್ತೇನೆ.

ಒಂದು, ಇಂಜೆಕ್ಷನ್ ಕೊಡಬಾರದವರು. ಹಿಂದೆ ಎಂದಾದರೂ ಮೆದುಳಿನಲ್ಲಿ ರಕ್ತಸ್ರಾವ ಆದವರು, ಇತ್ತೀಚೆಗೆ ಪಾರ್ಶ್ವವಾಯು, ತಲೆಗೆ ಪೆಟ್ಟು ಅಥವಾ ದೊಡ್ಡ ಶಸ್ತ್ರಚಿಕಿತ್ಸೆ ಆದವರು, ಹೊಟ್ಟೆಯಲ್ಲಿ ರಕ್ತ ಸೋರುತ್ತಿರುವವರು. ಈ ಸಂಗತಿಗಳನ್ನು ಮನೆಯವರು ವೈದ್ಯರಿಂದ ಮುಚ್ಚಿಡಬಾರದು.

ಎರಡು, ರಕ್ತದೊತ್ತಡ ಕುಸಿದು, ಕೈಕಾಲು ತಣ್ಣಗಾಗಿ, ಹೃದಯ ಸೋತು ಆಘಾತಸ್ಥಿತಿಗೆ ಹೋದವರು. ಇವರಿಗೆ ನಾಳವನ್ನು ಆದಷ್ಟು ಬೇಗ ಬಲೂನಿನಿಂದಲೋ ಬೈಪಾಸಿನಿಂದಲೋ ತೆರೆಯುವುದು ಒಳಿತೆಂದು 1999ರ ಶಾಕ್ ಅಧ್ಯಯನದಿಂದ ತಿಳಿದಿದೆ.

ಮೂರು, ಇಂಜೆಕ್ಷನ್ ಕೊಟ್ಟು ಒಂದರಿಂದ ಒಂದೂವರೆ ಗಂಟೆಯಾದರೂ ನೋವು ಇಳಿಯದೆ, ಇ.ಸಿ.ಜಿ. ಗೆರೆ ಅರ್ಧದಷ್ಟಾದರೂ ಕೆಳಗಿಳಿಯದವರು. ಇವರಲ್ಲಿ ಕೀಲಿಕೈ ತಿರುಗಿಲ್ಲ ಎಂದರ್ಥ. ತಡಮಾಡದೆ ಎರಡನೆಯ ಕೀಲಿಕೈ ಬೇಕು. ಇದಕ್ಕಾಗಿಯೇ ಇಂಜೆಕ್ಷನ್ ಕೊಟ್ಟ ಕೂಡಲೇ, ಫಲಿತಾಂಶ ಕಾಯದೆ, ಆಂಬುಲೆನ್ಸ್ ಹೊರಡಿಸುವುದು ಜಾಣತನ.

ನಾಲ್ಕು, ತಡವಾಗಿ, 12 ಗಂಟೆ ದಾಟಿ ಬಂದರೂ ಇನ್ನೂ ನೋವಿರುವವರು ಅಥವಾ ಹೃದಯದ ಬಡಿತ ಅಡ್ಡಾದಿಡ್ಡಿಯಾಗಿರುವವರು.

ಇಂಜೆಕ್ಷನ್ ಫಲಿಸಿ ಆರಾಮಾಗಿರುವವರಿಗೂ 2ರಿಂದ 24 ಗಂಟೆಯೊಳಗೆ ಆಂಜಿಯೋಗ್ರಾಂ ಮಾಡಿ, ಅಗತ್ಯವಿದ್ದರೆ ಸ್ಟೆಂಟ್ ಇಡುವುದು ಇಂದಿನ ಕ್ರಮ. ಆಂಜಿಯೋಗ್ರಾಂ ಎಂದರೆ ನೋಡುವುದು, ಆಂಜಿಯೋಪ್ಲಾಸ್ಟಿ ಎಂದರೆ ತೆರೆಯುವುದು. ಈ ಎರಡು ಪದಗಳ ಗೊಂದಲ ನಮ್ಮಲ್ಲಿ ಬಹಳ.

ಯಾವಾಗ ಕಾಯಬಹುದು?

ಎಲ್ಲ ಹೃದಯಾಘಾತವೂ ಒಂದೇ ಬಗೆಯಲ್ಲ. ಇ.ಸಿ.ಜಿ.ಯಲ್ಲಿ ಗೆರೆ ಮೇಲೇಳದೆ, ರಕ್ತ ಪರೀಕ್ಷೆಯಲ್ಲಿ ಟ್ರೋಪೋನಿನ್ ಮಾತ್ರ ಏರಿದ್ದರೆ ನಾಳ ಸಾಮಾನ್ಯವಾಗಿ ಪೂರ್ತಿ ಮುಚ್ಚಿರುವುದಿಲ್ಲ. ಇವರಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವುದೇ ಇಲ್ಲ. ಬೇರೆ ಔಷಧಗಳಿಂದ ಸ್ಥಿತಿ ಹಿಡಿತಕ್ಕೆ ತಂದು, ಅಪಾಯ ಹೆಚ್ಚಿರುವವರಿಗೆ ಸುಮಾರು ಒಂದು ದಿನದೊಳಗೆ ಆಂಜಿಯೋಗ್ರಾಂ ಮಾಡುತ್ತಾರೆ. ನೋವು ನಿಲ್ಲದಿದ್ದರೆ, ಉಸಿರು ಕಟ್ಟುತ್ತಿದ್ದರೆ ಮಾತ್ರ ಎರಡು ಗಂಟೆಯೊಳಗೆ. ಗಾಬರಿಯಿಂದ ರಾತ್ರೋರಾತ್ರಿ ಓಡಬೇಕೇ, ಬೆಳಗ್ಗೆ ಹೋದರೆ ಸಾಕೇ ಎಂಬುದನ್ನು ವೈದ್ಯರು ಹೇಳಲಿ. ಮನೆಯವರು ಊಹಿಸುವುದು ಬೇಡ.

ಇನ್ನೊಂದು ಬಗೆ. ನಾಲ್ಕು ದಿನದ ಹಿಂದೆ ನೋವು ಬಂದಿತ್ತು, ಗ್ಯಾಸ್ ಎಂದು ಸುಮ್ಮನಿದ್ದೆ, ಈಗ ನೋವಿಲ್ಲ ಎಂದು ಬರುವವರು. ನಾಳ ಪೂರ್ತಿ ಮುಚ್ಚಿ ದಿನಗಳೇ ಕಳೆದಿದ್ದು, ರೋಗಿ ಸ್ಥಿರವಾಗಿದ್ದರೆ ಆ ನಾಳವನ್ನು ಬಲವಂತವಾಗಿ ತೆರೆಯುವುದರಿಂದ ಸಾವಾಗಲಿ ಮರು ಆಘಾತವಾಗಲಿ ಕಡಿಮೆಯಾಗುವುದಿಲ್ಲವೆಂದು 2006ರಲ್ಲಿ ಓಟ್ ಎಂಬ ಅಧ್ಯಯನ ತೋರಿಸಿತು. ಒಣಗಿಹೋದ ಗದ್ದೆಗೆ ಆಮೇಲೆ ನೀರು ಬಿಟ್ಟ ಹಾಗೆ.

ಮೂರನೆಯದು, ನಡೆದಾಗ ಮಾತ್ರ ಎದೆ ಹಿಡಿದು ನಿಂತರೆ ಬಿಡುವ ಹಳೆಯ ನೋವು. ಇದು ಹೃದಯಾಘಾತವಲ್ಲ. ಇಂಥ 5,179 ಮಂದಿಯ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಇಸ್ಕೀಮಿಯಾ ಅಧ್ಯಯನದಲ್ಲಿ ಭಾರತದ ಆಸ್ಪತ್ರೆಗಳೂ ಇದ್ದವು. ಒಳ್ಳೆಯ ಔಷಧದ ಜೊತೆ ಸ್ಟೆಂಟ್ ಅಥವಾ ಬೈಪಾಸ್ ಸೇರಿಸಿದ್ದರಿಂದ ನೋವು ತಗ್ಗಿತು, ಆದರೆ ಸಾವು ಕಡಿಮೆಯಾಗಲಿಲ್ಲ. ಎಡಭಾಗದ ಮುಖ್ಯ ನಾಳವೇ ಕಿರಿದಾಗಿರುವಂಥವರ ಮಾತು ಬೇರೆ. ಉಳಿದವರು "70 ಪರ್ಸೆಂಟ್ ಬ್ಲಾಕ್" ಎಂಬ ಮಾತು ಕೇಳಿ ಅಂದೇ ಹೊಲ ಅಡವಿಡಬೇಕಾಗಿಲ್ಲ. ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳಲು ಹೊತ್ತಿದೆ.

2025ರ ಜೂನ್-ಜುಲೈಯಲ್ಲಿ ಹಾಸನದ ಕಡೆಯಿಂದ ಹೃದಯಾಘಾತದ ಸುದ್ದಿಗಳು ಒಂದರ ಮೇಲೊಂದು ಬಂದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನಿಂದಲೇ ಆರೋಗ್ಯವಂತರ ಸಾಲು ನಿಂತಿತು. ಭಯ ಸಹಜ. ಆದರೆ ನೋವಿಲ್ಲದವರು ದೊಡ್ಡ ಆಸ್ಪತ್ರೆಯ ಬಾಗಿಲು ತುಂಬಿದರೆ ನೋವಿರುವವನಿಗೆ ದಾರಿ ಸಿಗುವುದಿಲ್ಲ. ರಕ್ತದೊತ್ತಡ, ಸಕ್ಕರೆ, ಕೊಬ್ಬಿನ ಪರೀಕ್ಷೆಗೆ ನಮ್ಮೂರಿನ ಆಸ್ಪತ್ರೆಯೇ ಸಾಕು.

ಹೊತ್ತು ಎಲ್ಲಿ ಕಳೆದುಹೋಗುತ್ತದೆ?

ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಡೆನಿಸ್ ಕ್ಸೇವಿಯರ್ ಮತ್ತು ಸಂಗಡಿಗರು ದೇಶದ 89 ಆಸ್ಪತ್ರೆಗಳ 20,468 ರೋಗಿಗಳ ವಿವರ ಕಲೆಹಾಕಿ 2008ರಲ್ಲಿ ಪ್ರಕಟಿಸಿದರು. ನೋವು ಆರಂಭವಾಗಿ ಆಸ್ಪತ್ರೆ ಮುಟ್ಟುವುದಕ್ಕೆ ನಡುಮಟ್ಟದ ರೋಗಿ ತೆಗೆದುಕೊಂಡದ್ದು 360 ನಿಮಿಷ, ಅಂದರೆ ಆರು ಗಂಟೆ. ಆಸ್ಪತ್ರೆಗೆ ಬಂದ ಮೇಲೆ ಇಂಜೆಕ್ಷನ್ ಸಿಗಲು 50 ನಿಮಿಷ. ಹಾಗಾದರೆ ದೊಡ್ಡ ತಡ ಆಸ್ಪತ್ರೆಯಲ್ಲಿ ಅಲ್ಲ, ನಮ್ಮ ಮನೆಯ ಜಗುಲಿಯಲ್ಲಿ. ಅದೇ ಅಧ್ಯಯನದಲ್ಲಿ ಬಡವರಿಗೆ ಸರಿಯಾದ ಚಿಕಿತ್ಸೆ ಕಡಿಮೆ ಸಿಕ್ಕಿತು, ಅವರಲ್ಲೇ ಸಾವು ಹೆಚ್ಚು ಎಂಬ ನೋವಿನ ಸತ್ಯವೂ ಹೊರಬಂತು.

ಜಗುಲಿಯಲ್ಲಿ ಏನು ನಡೆಯುತ್ತದೆಂದು ತಮಗೆ ಗೊತ್ತು. ವಾಯು ಎಂದು ಸೋಡಾ ಕುಡಿಸುತ್ತೇವೆ. ಜೀರಿಗೆ ಕಷಾಯ ಕಾಯಿಸುತ್ತೇವೆ. ಬೆನ್ನಿಗೆ ಎಣ್ಣೆ ತಿಕ್ಕುತ್ತೇವೆ. ದುಬೈನಲ್ಲಿರುವ ಮಗನಿಗೆ ಫೋನ್ ಮಾಡಿ ಏನು ಮಾಡುವುದೆಂದು ಕೇಳುತ್ತೇವೆ. ಹೆಂಗಸರಾದರೆ ಗಂಡಸರು ಮನೆಗೆ ಬರುವವರೆಗೆ ಕಾಯುತ್ತಾರೆ. ತಾಯಂದಿರೇ, ತಮ್ಮಲ್ಲಿ ಮತ್ತು ಸಕ್ಕರೆ ಕಾಯಿಲೆಯವರಲ್ಲಿ ಎದೆನೋವೇ ಇಲ್ಲದೆ ಬರೀ ಉಸಿರುಕಟ್ಟು, ವಾಂತಿ, ದವಡೆ ಅಥವಾ ಬೆನ್ನಿನ ನೋವು, ವಿಪರೀತ ಸುಸ್ತು ಇಷ್ಟೇ ಇರಬಹುದು. ದಯವಿಟ್ಟು ಯಾರಿಗಾಗಿಯೂ ಕಾಯಬೇಡಿ.

ನೋವು ಬಂದಾಗ ಮಾಡಬೇಕಾದದ್ದು

ಎದೆಯಲ್ಲಿ ಹಿಂಡುವ ನೋವು ಬಂದು ಹತ್ತು ನಿಮಿಷದಲ್ಲಿ ಬಿಡದಿದ್ದರೆ ರೋಗಿಯನ್ನು ನಡೆಸಬೇಡಿ, ಕೂರಿಸಿ. 2008ರಿಂದ ನಮ್ಮ ರಾಜ್ಯದಲ್ಲಿರುವ 108 ಆಂಬುಲೆನ್ಸ್‌ಗೆ ಫೋನ್ ಮಾಡಿ. ಅದು ತಡವೆಂದಾದರೆ ಸಿಕ್ಕ ವಾಹನದಲ್ಲಿ, ಆದರೆ ರೋಗಿ ತಾನೇ ಬೈಕ್ ಓಡಿಸಬಾರದು. ಆಸ್ಪಿರಿನ್ ಅಲರ್ಜಿ, ರಕ್ತ ವಾಂತಿ ಇಲ್ಲದವರಿಗೆ ವೈದ್ಯರ ಅಥವಾ 108ರವರ ಸಲಹೆಯಂತೆ 300 ಮಿಲಿಗ್ರಾಂ ಆಸ್ಪಿರಿನ್ ಅಗಿಯಲು ಕೊಡಬಹುದು. ಮೊದಲ ಗುರಿ ಇ.ಸಿ.ಜಿ. ಇರುವ ಹತ್ತಿರದ ಆಸ್ಪತ್ರೆ. ಅಲ್ಲಿ ಹತ್ತು ನಿಮಿಷದೊಳಗೆ ಇ.ಸಿ.ಜಿ. ಆಗಬೇಕು. ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಬಂಡೀಪುರದ ಕಾಡಿನ ರಸ್ತೆಯಲ್ಲಿ ಸಂಚಾರ ನಿಷೇಧವಿದ್ದರೂ ಆಂಬುಲೆನ್ಸ್‌ಗೆ ತಡೆಯಿಲ್ಲವೆಂಬುದು ಗಡಿಯ ಆಚೆಗಿನ ನೆಂಟರಿಗೂ ಗೊತ್ತಿರಲಿ.

ಆಮೇಲೆ ವೈದ್ಯರನ್ನು ವಿನಯದಿಂದ ಮೂರು ಪ್ರಶ್ನೆ ಕೇಳಿ. ಇದು ಸ್ಟೆಮಿಯೇ? ಇಲ್ಲಿಂದ ಎರಡು ಗಂಟೆಯೊಳಗೆ ನಾಳ ತೆರೆಯಲು ಸಾಧ್ಯವೇ? ಸಾಧ್ಯವಿಲ್ಲವಾದರೆ ಇಂಜೆಕ್ಷನ್ ಈಗಲೇ ಕೊಡಬಹುದೇ? ಈ ಮೂರನ್ನು ಮನೆಯ ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ.

ಹಣದ ಮಾತು. 2017ರ ಫೆಬ್ರವರಿಯಲ್ಲಿ ಕೇಂದ್ರದ ಬೆಲೆ ನಿಯಂತ್ರಣ ಪ್ರಾಧಿಕಾರ ಸ್ಟೆಂಟಿನ ಬೆಲೆಗೆ ಮಿತಿ ಹಾಕಿತು. ಅಲ್ಲಿಯವರೆಗೆ ಲಕ್ಷ ದಾಟುತ್ತಿದ್ದ ಔಷಧ ಲೇಪಿತ ಸ್ಟೆಂಟಿಗೆ ಅಂದು 29,600 ರೂಪಾಯಿ, ಬರೀ ಲೋಹದ್ದಕ್ಕೆ 7,260 ರೂಪಾಯಿ ಎಂದು ನಿಗದಿಯಾಯಿತು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ರೇಷನ್ ಕಾರ್ಡು ಮತ್ತು ಆಧಾರ್ ಒಂದೇ ಚೀಲದಲ್ಲಿ, ಕೈಗೆ ಸಿಗುವಂತಿರಲಿ.

ಸ್ಟೆಂಟ್ ಹಾಕಿದ ಮೇಲೆ

ಸ್ಟೆಂಟ್ ಒಂದು ಜಾಗದ ಅಡ್ಡಿಯನ್ನು ತೆಗೆಯುತ್ತದೆ, ಕಾಯಿಲೆಯನ್ನು ತೆಗೆಯುವುದಿಲ್ಲ. ರಕ್ತ ತೆಳುವಾಗಿಸುವ ಎರಡು ಮಾತ್ರೆಗಳನ್ನು ಸಾಮಾನ್ಯವಾಗಿ ಒಂದು ವರ್ಷ, ಆಮೇಲೆ ಒಂದನ್ನು ಮುಂದುವರಿಸಬೇಕಾಗುತ್ತದೆ. ನಡುವೆ ತಾನಾಗಿಯೇ ನಿಲ್ಲಿಸಿದರೆ ಸ್ಟೆಂಟಿನೊಳಗೇ ಹೆಪ್ಪುಗಟ್ಟಿ ಪ್ರಾಣಕ್ಕೆ ಬರಬಹುದು. ರಂಜಾನ್ ತಿಂಗಳಲ್ಲಿ ಹೀಗೆ ಮಾತ್ರೆ ಬಿಟ್ಟವರನ್ನು ನಾನು ನೋಡಿದ್ದೇನೆ. ರೋಗಿಗಳಿಗೆ ಉಪವಾಸದಿಂದ ವಿನಾಯಿತಿ ಇದೆ ಎಂಬುದನ್ನು ತಮಗೆ ನಾನು ಹೇಳಬೇಕಾಗಿಲ್ಲ. ಸ್ಥಿರವಾಗಿರುವವರು ಉಪವಾಸ ಮಾಡಬಯಸಿದರೆ ಮೊದಲೇ ವೈದ್ಯರನ್ನು ಕಂಡು, ಮಾತ್ರೆಗಳನ್ನು ಸಹರಿ ಮತ್ತು ಇಫ್ತಾರ್ ಹೊತ್ತಿಗೆ ಹೊಂದಿಸಿಕೊಳ್ಳಲಿ. ಬೀಡಿ ಸಿಗರೇಟನ್ನು ಮಾತ್ರ ಹನ್ನೆರಡು ತಿಂಗಳೂ ಬಿಡಬೇಕು.

ವಿದ್ಯಾರ್ಥಿಗಳಿಗೆ

ಕೊನೆಯ ಮಾತು ವಿದ್ಯಾರ್ಥಿ ಮಿತ್ರರಿಗೆ. ನೋವು ಬಂದ ರಾತ್ರಿ ಮನೆಯಲ್ಲಿ ಇ.ಸಿ.ಜಿ. ಎಂಬ ಪದ ತಿಳಿದವರು ಬಹುಶಃ ನೀವೊಬ್ಬರೇ ಇರುತ್ತೀರಿ. ಹಿರಿಯರ ಮಧ್ಯೆ ಚಿಕ್ಕವನು ಮಾತನಾಡಬಾರದೆಂದು ಸುಮ್ಮನಿರಬೇಡಿ. ಕುಸಿದುಬಿದ್ದವನ ಎದೆ ಒತ್ತಿ ಹೃದಯ ನಡೆಸುವ ವಿಧಾನವನ್ನು ಕಲಿಯಿರಿ. ಅದಕ್ಕೆ ಡಿಗ್ರಿ ಬೇಕಿಲ್ಲ, ಎರಡು ಕೈ ಸಾಕು. ಸಂಘವು ವರ್ಷಕ್ಕೊಮ್ಮೆ ಇದರ ತರಬೇತಿ ಏರ್ಪಡಿಸಲಿ, ಬಡ ರೋಗಿಯ ವಾಹನದ ಖರ್ಚಿಗೆ ಒಂದು ಸಣ್ಣ ನಿಧಿ ಇಡಲಿ ಎಂದು ಪದಾಧಿಕಾರಿಗಳಲ್ಲಿ ಕೋರುತ್ತೇನೆ.

ನನ್ನ ಅಣ್ಣ ಈಗ ಇಲ್ಲ. 2019ರಲ್ಲಿ, ಸೋತ ಹೃದಯದಿಂದಲೇ ತೀರಿಕೊಂಡ. ಒಮ್ಮೆಯೂ ಅವನು ನನ್ನನ್ನು ದೂರಲಿಲ್ಲ. "ನೀನು ಒಳ್ಳೆಯದಕ್ಕೇ ಹೇಳಿದ್ದೆ" ಎನ್ನುತ್ತಿದ್ದ. ಒಳ್ಳೆಯದಕ್ಕೆ ಹೇಳುವುದು ಸಾಲದು, ಹೊತ್ತು ನೋಡಿ ಹೇಳಬೇಕೆಂದು ನಾನು ಕಲಿತದ್ದು ಅವನಿಂದ. ಇನ್ನು ಮುಂದೆ ಯಾರಾದರೂ ರಾತ್ರಿ ಒಂಬತ್ತೂವರೆಗೆ ತಮಗೆ ಫೋನ್ ಮಾಡಿದರೆ "ಮೈಸೂರಿಗೆ ಹೊರಡಿ" ಎನ್ನುವ ಮುನ್ನ "ಹತ್ತಿರದಲ್ಲಿ ಇ.ಸಿ.ಜಿ. ಎಲ್ಲಿದೆ?" ಎಂದು ಕೇಳಿ.